ಮೊದಲ ವಿಮಾನದ ವರ್ಧಂತಿ

ಹುಟ್ಟು ಸಾವು ದೇವರ ಕೈಲಿದೆ ಅಂತ ದೊಡ್ಡವರು ಹೇಳುತ್ತಾರೆ. ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವರನ್ನು ಕೇಳಿ ನೋಡಿ, ಅರ್ಧ ನಮ್ಮ ಕೈಲೂ ಇದೆ. ಬಳ್ಳಾರಿಯ ಗಾಂಧಿನಗರದ ನಮ್ಮ ಅಂಗಡಿಯಲ್ಲಿ ಗಂಡ ಪ್ರಿಂಟಿಂಗ್ ಮಶೀನು ನೋಡಿಕೊಳ್ಳುತ್ತಾನೆ, ನಾನು ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುತ್ತೇನೆ. ಹುಟ್ಟುಹಬ್ಬದವರ ಪಕ್ಕ ನಂದಾದೀಪ, ತೀರಿಕೊಂಡವರ ತಲೆಯ ಮೇಲೆ ಬಲೂನು, ಇಂಥವು ಇಲ್ಲಿ ಆಗುತ್ತಲೇ ಇರುತ್ತವೆ. ಒಮ್ಮೆ ಯಾರದೋ ತಿಥಿಯ ಫ್ಲೆಕ್ಸಿಗೆ ‘ನಿಮ್ಮ ಆಗಮನವೇ ನಮಗೆ ಉಡುಗೊರೆ’ ಅನ್ನುವ ಸಾಲು ಹೇಗೋ ಬಂದು ಕೂತಿತ್ತು. ಮನೆಯವರು ಬಯ್ಯಲಿಲ್ಲ. ಬಂದವರೆಲ್ಲ ಬರಿಗೈಲಿ ಬಂದರು ಅಂತ ಮಾತ್ರ ಹೇಳಿಹೋದರು.

ಆದರೆ ಈಗ ಹೇಳಹೊರಟಿರುವುದು ಒಬ್ಬೇ ಒಬ್ಬ ಗಿರಾಕಿಯ ವಿಷಯ. ಸತ್ಯನಾರಾಯಣಪೇಟೆಯ ಅವರನ್ನು ಎಲ್ಲರೂ ಏರ್‌ಫೋರ್ಸ್ ಕಾಕಾ ಅಂತಲೇ ಕರೆಯುವುದು. ಸಣ್ಣ ವಯಸ್ಸಿಗೇ ಊರು ಬಿಟ್ಟು ವಾಯುಸೇನೆ ಸೇರಿ, ವಿಮಾನಗಳ ನಟ್ಟು ಬೋಲ್ಟು ಬಿಗಿಯುವುದರಲ್ಲೇ ತಲೆ ಹಣ್ಣು ಮಾಡಿಕೊಂಡು, ತೆಲುಗು ಮರೆತು ಹಿಂದಿ ಕಲಿತು ವಾಪಸು ಬಂದವರು. ತಾವು ಬಿಗಿದ ಬೋಲ್ಟು ಮೇಲೆ ಹೋಗುತ್ತಿತ್ತಂತೆ, ತಾವು ಕೆಳಗೆ ನಿಂತು ನೋಡುತ್ತಿದ್ದರಂತೆ, ಒಂದು ಸಲವೂ ಮೈ ಜುಮ್ಮೆನ್ನದೆ ಇದ್ದದ್ದಿಲ್ಲವಂತೆ. ಆ ಜುಮ್ಮು ಇನ್ನೂ ಇಳಿದಿಲ್ಲ. ಅಮೆರಿಕದಲ್ಲಿ ಮೊದಲ ವಿಮಾನ ಹಾರಿದ ದಿನ, ಅಲ್ಲಿನ ಸೈನ್ಯದವರು ಶಬ್ದವನ್ನೇ ಹಿಂದೆ ಹಾಕಿದ ದಿನ, ಚಂದ್ರನ ಮೇಲೆ ಇಳಿದ ದಿನ, ಎಲ್ಲ ಬಾಯಿಪಾಠ. ಪ್ರತಿ ದಿನಕ್ಕೂ ಒಂದು ಫ್ಲೆಕ್ಸು, ಒಂದು ಭಾಷಣ.

ಎಲ್ಲಾ ಬಿಟ್ಟು ಅಮೆರಿಕದ್ದೇ ಯಾಕೆ ಅಂತ ಒಮ್ಮೆ ಕೇಳಿದ್ದೆ. “ಒಲಿ ಮೊದಲು ಹಚ್ಚಿದ್ದು ಅವರ ಮನ್ಯಾಗ, ತಂಗಿ. ಉಣ್ಣಾಕ ಎಲ್ಲಾರೂ ಕುಂತೀವಿ. ಹಚ್ಚಿದವರನ್ನ ವರ್ಷಕ್ಕೊಮ್ಮಿ ನೆನಸಬಾರದೇನು?” ಅಂದರು. 

ಕಷ್ಟವೆಂದರೆ ಕೇಳಲು ಜನ ಬರುತ್ತಿರಲಿಲ್ಲ. ಹೋದ ವರ್ಷ ಡಿಸೆಂಬರಿನಲ್ಲಿ, ಮೊದಲ ವಿಮಾನದ ದಿನಕ್ಕೆ, ಪೇಟೆಯ ಸಮುದಾಯ ಭವನ ಹಿಡಿದು ಭಾಷಣ ಮಾಡಿದರೆ ಕೇಳಿದವರು ವಾಚ್‌ಮನ್ ಮತ್ತು ಮೈಕ್‌ಸೆಟ್‌ನವನು. ಕಾಕಾ ಎದೆಗುಂದಲಿಲ್ಲ. ಆ ವಿಮಾನ ಹಾರಿದಾಗಲೂ ನಿಂತು ನೋಡಿದವರು ಐದೇ ಮಂದಿ ಅಂದರು. ಭಾಷಣ ಮುಗಿದ ಮೇಲೆ ಮನೆಗೆ ಕರೆಯಲು ಬಂದಿದ್ದ ಅವರ ಹೆಂಡತಿ, ನಾವೆಲ್ಲ ಚಿಗವ್ವ ಅನ್ನುತ್ತೇವೆ, ಅಲ್ಲೇ ಷರತ್ತು ಹಾಕಿದರು: “ನಿಮಗ ಇನ್ನೂ ಮೂರು ಮಂದಿ ಕಡಿಮಿ ಬಿದ್ದಾರ. ಮುಂದಿನ ಡಿಸೆಂಬರ್‌ನಾಗ ಈ ಕುರ್ಚಿ ತುಂಬಲಿಲ್ಲಂದ್ರ ನಿಮ್ಮ ವಿಮಾನ ಇಳಿಸಿಬಿಡ್ರಿ. ಇನ್ನೊಂದು ಫ್ಲೆಕ್ಸ್ ನಮ್ಮ ಮನಿ ಹೊಸ್ತಿಲ ದಾಟಂಗಿಲ್ಲ.” ಕಾಕಾ ಒಪ್ಪಿಕೊಂಡರು. ಫ್ಲೆಕ್ಸಿನ ಹಣಕ್ಕೆ ಅಂತ ಆಗಷ್ಟೇ ಹೋಗಿದ್ದ ನಾನು ಒಪ್ಪುವಾಗ ಅವರ ಮುಖ ನೋಡಿದೆ. ಮಕ್ಕಳ ಆಟದ ಸಾಮಾನು ಅಟ್ಟಕ್ಕೆ ಹಾಕುತ್ತೇನೆ ಅಂದಾಗ ಮಕ್ಕಳ ಮುಖ ಹೇಗಾಗುತ್ತದೋ ಹಾಗಿತ್ತು.

ಆ ಡಿಸೆಂಬರಿನಿಂದ ಈ ಡಿಸೆಂಬರಿನವರೆಗೆ ನಡೆದದ್ದು ಇಷ್ಟು.

ಗಾಳಿಯಲ್ಲಿ ಪೈಪು

ಜೂನ್ ತಿಂಗಳಲ್ಲಿ ಒಂದು ದಿನವಿದೆ. ಅಮೆರಿಕದ ಸೈನ್ಯದವರು ಹಾರುತ್ತಿರುವ ಒಂದು ವಿಮಾನದಿಂದ ಹಾರುತ್ತಿರುವ ಇನ್ನೊಂದು ವಿಮಾನಕ್ಕೆ ಪೈಪು ಇಳಿಬಿಟ್ಟು ಪೆಟ್ರೋಲು ತುಂಬಿದ ದಿನ. ಅದಕ್ಕೂ ಫ್ಲೆಕ್ಸಾಯಿತು. ಮೇಲೊಂದು ವಿಮಾನ, ಕೆಳಗೊಂದು ವಿಮಾನ, ನಡುವೆ ಜೋಲಾಡುವ ಪೈಪು, ಕೆಳಗಿನ ವಿಮಾನದಲ್ಲಿ ಎದ್ದು ನಿಂತು ಕೈಚಾಚಿದ ಒಬ್ಬ. ಕಾಕಾ ಹೇಳಿದಂತೆ ಮೇಲೆ ದಪ್ಪಕ್ಷರದಲ್ಲಿ ‘ನಿಲ್ಲದೆ ಹಾರಾಟ! ಗಾಳಿಯಲ್ಲೇ ಭರ್ತಿ!’ ಅಂತ ಹಾಕಿದೆ. ಸಿರುಗುಪ್ಪದ ಒಂದು ಹೈಸ್ಕೂಲಿನ ಗೇಟಿಗೆ ಅದನ್ನು ಕಟ್ಟಿದರು.

ಭಾಷಣದ ಹೊತ್ತಿಗೆ ಗೇಟಿನ ಮುಂದೆ ಮೋಟಾರ್ ಸೈಕಲ್ಲುಗಳ ಸಾಲು. ಹೆಗಲ ಮೇಲೆ ಟವೆಲು ಹಾಕಿಕೊಂಡ ರೈತರು. ಕಾಕಾ ನನಗೆ ಅಲ್ಲಿಂದಲೇ ಫೋನು ಮಾಡಿ, ಜನ ಬಂದಿದ್ದಾರೆ, ದೊಡ್ಡವರೇ ಬಂದಿದ್ದಾರೆ ಅಂತ ಉಬ್ಬಿಹೋದರು. ಸಿರುಗುಪ್ಪವೆಂದರೆ ಕಾಲುವೆಯ ಎರಡೂ ಕಡೆ ಭತ್ತದ ಗದ್ದೆ. ಈಗೀಗ ಅಲ್ಲಿ ಎಣ್ಣೆ ಹೊಡೆಯುವುದು, ಅಂದರೆ ಕೀಟನಾಶಕ ಸಿಂಪಡಿಸುವುದು, ಡ್ರೋನಿನಿಂದ. ಆಕಾಶ, ಪೈಪು, ಭರ್ತಿ ಮೂರನ್ನೂ ಒಟ್ಟಿಗೆ ನೋಡಿದವರು ಇನ್ನೇನು ತಿಳಿದುಕೊಳ್ಳಬೇಕು?

ಒಬ್ಬ ಹಿರಿಯ ರೈತ, ಒಂದು ಸಲ ತುಂಬಿದರೆ ಎಷ್ಟು ಎಕರೆ ಆಗುತ್ತದೆ ಅಂತ ಕೇಳಿದನಂತೆ. ಕಾಕಾ ಎದೆಯುಬ್ಬಿಸಿ, ಎಕರೆಯ ಮಾತಲ್ಲ, ಗಾಳಿಯಲ್ಲೇ ತುಂಬುತ್ತ ಹೋದರೆ ಒಂದು ದೇಶವನ್ನೇ ದಾಟಬಹುದು ಅಂದರಂತೆ. ರೈತರು ಮುಖ ಮುಖ ನೋಡಿಕೊಂಡು, ನಮಗೆ ಅಷ್ಟು ಹೊಲ ಇಲ್ಲ ಅಂದರಂತೆ.

ಇದು ಡ್ರೋನ್ ಮಾರುವವರ ಸಭೆಯಲ್ಲ ಅಂತ ಆಮೇಲೆ ಅವರಿಗೆ ತಿಳಿಯಿತು. ಕೆಲವರು ಗಾಡಿ ಏರಿ ಹೋದರು, ಆ ಹಿರಿಯ ಮಾತ್ರ ಕೂತ. ಗಾಳಿಯ ರಭಸದಲ್ಲಿ ಬಡಿದಾಡುವ ಪೈಪನ್ನು ಒಬ್ಬ ಮನುಷ್ಯ ಬರಿಗೈಯಲ್ಲಿ ಹಿಡಿದು ತನ್ನ ಟ್ಯಾಂಕಿಗೆ ಇಟ್ಟುಕೊಂಡ ಕಥೆಯನ್ನು ಬಾಯಿ ತೆರೆದು ಕೇಳಿದ. ಮುಗಿದ ಮೇಲೆ ಕಾಕಾನ ಎರಡೂ ಕೈ ಹಿಡಿದುಕೊಂಡ. ಆ ಧೈರ್ಯದ ಬಗ್ಗೆ ಏನೋ ಹೇಳುತ್ತಾನೆ ಅಂತ ಕಾಕಾ ಕಾದರು.

“ಅದೆಲ್ಲಾ ಇರ್ಲಿ ಸರ್,” ಅಂದ ಆತ. “ಅಷ್ಟು ಎತ್ತರದಾಗೂ ಸೋರಿಲ್ಲ ಅಂತೀರಿ. ಯಾವ ಕಂಪನಿ ಪೈಪ್ರಿ ಅದು?”

ಚಪ್ಪಲಿ ಕಾಯುವವನು

ಜುಲೈನಲ್ಲಿ ಚಂದ್ರನ ದಿನ. ಚಿಗವ್ವನ ತವರು ಕುರುಗೋಡು. ಅಲ್ಲಿ ಅವರ ತಾಯಿ, ಹಲ್ಲಿಲ್ಲದ ಬಾಯಲ್ಲಿ ಊರನ್ನೇ ಆಳುವ ಅಜ್ಜಿ, ಇದ್ದಾರೆ. ಅಳಿಯ ಬಂದು ಮನೆ ಮುಂದೆ ಫ್ಲೆಕ್ಸ್ ಕಟ್ಟಿದರೆ ಬೇಡ ಅನ್ನಲಿಕ್ಕಾಗುತ್ತದೆಯೇ? ಅಜ್ಜಿ ಸಂಜೆ ತನ್ನ ವಾರಗೆಯವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿದರು. ಕುರುಗೋಡಿನ ಗುಡ್ಡ, ದೊಡ್ಡ ಬಸವಣ್ಣನನ್ನು ನೋಡಿದ ಹಾಗಾಯಿತು ಅಂತ ನಾನೂ ಜೊತೆಗೆ ಹೋಗಿದ್ದೆ.

ಚಂದ್ರನಲ್ಲಿಗೆ ಹೋದದ್ದು ಸುಳ್ಳು, ಎಲ್ಲ ಸ್ಟುಡಿಯೋದಲ್ಲಿ ತೆಗೆದದ್ದು ಅಂತ ನಮ್ಮ ಗಾಂಧಿನಗರದ ಓದಿದವರು ವಾದಿಸುತ್ತಾರೆ. ಕಟ್ಟೆಯ ಮೇಲಿನ ಮುದುಕಿಯರು ಒಬ್ಬರೂ ವಾದಿಸಲಿಲ್ಲ. ಹೋದರಾ, ಹೋದರು. ದಾರಿಯಲ್ಲಿ ಏನು ಉಂಡರು, ಯಾರ ಮನೆಯವರು ಎಷ್ಟು ಅತ್ತರು, ಅದಷ್ಟೇ ಬೇಕಿತ್ತು. ಹೋದ ಮೂವರೂ ಮೊದಲು ಯುದ್ಧವಿಮಾನ ಓಡಿಸಿದವರು ಅಂದಾಗ ಒಬ್ಬಾಕೆ, ಹಾಗಾದರೆ ಮನೆಯವರಿಗೆ ಕಾಯುವುದು ರೂಢಿ ಇತ್ತು ಬಿಡು ಅಂದಳು.

ಇಳಿದವರು ಇಬ್ಬರೇ ಅಂತ ತಿಳಿದಾಗ ಅಜ್ಜಿ ತಡೆದರು. ಮೂರನೆಯವನು ಯಾಕೆ ಇಳಿಯಲಿಲ್ಲ?

ಕಾಕಾ ಹೇಳಿದರು. ವಾಪಸು ಬರುವ ಗಾಡಿಯನ್ನು ನಡೆಸುತ್ತ ಒಬ್ಬ ಮೇಲೆಯೇ ಸುತ್ತುತ್ತಿರಬೇಕಿತ್ತು. ಪ್ರತಿ ಸುತ್ತಿನಲ್ಲೂ ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ದನಿಯೂ ಕೇಳುತ್ತಿರಲಿಲ್ಲ, ಗೆಳೆಯರ ದನಿಯೂ ಕೇಳುತ್ತಿರಲಿಲ್ಲ. ಅಷ್ಟು ದೂರ ಹೋದರೂ ಕಾಲು ಊರದೆ ಬಂದ. ಇದನ್ನು ಹೇಳಿ ಕಾಕಾ ಗುಡ್ಡದ ಕಡೆ ಮುಖ ತಿರುಗಿಸಿದರು. ಜೀವಮಾನವೆಲ್ಲ ಕೆಳಗೆ ನಿಂತು ಬೇರೆಯವರನ್ನು ಮೇಲೆ ಕಳಿಸಿದವರಲ್ಲವೇ ಅವರೂ? ಗುಡ್ಡದ ಬಂಡೆಗಳ ಮೇಲೆ ಆಗಲೇ ಚಂದ್ರ ಬಂದಿದ್ದ. ದಿನಾ ನೋಡುವ ಚಂದ್ರನೇ, ಆದರೂ ಅವತ್ತು ನನಗೆ ಅವನ ಬೆನ್ನೂ ನೆನಪಾಗಿ ಮೈ ನವಿರೆದ್ದಿತು. 

ಕೊನೆಗೆ ಅಜ್ಜಿ ಅಳಿಯನ ಕಡೆ ತಿರುಗಿ ಸಮಾಧಾನ ಹೇಳಿದರು: “ಇರ್ಲಿ ಬಿಡಪ್ಪಾ. ಮೂರು ಮಂದಿ ಗುಡಿಗೆ ಹೋದ್ರ ಒಬ್ಬ ಹೊರಗ ಚಪ್ಪಲಿ ಕಾಯಾಕ ಬೇಕಾ ಬೇಕು. ಪುಣ್ಯ ಅವಗೂ ಬರತೈತಿ.”

ಕಸಬರಿಗೆಯ ಕೋಲು

ಅಕ್ಟೋಬರಿನದು ಶಬ್ದಕ್ಕಿಂತ ಜೋರಾಗಿ ಹಾರಿದ ದಿನ. ಕುಡತಿನಿಯಲ್ಲಿ, ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಹತ್ತಾರು ಮಂದಿ ಒಂದು ಶೆಡ್ಡಿನಲ್ಲಿ ಸೇರಿದ್ದರು. ಜನ ಅಷ್ಟಾದರೂ ಇದ್ದರಲ್ಲ ಅಂತ ಕಾಕಾಗೆ ಖುಷಿ. ಗಂಡ ಹೋಗುವುದಾದರೂ ಎಲ್ಲಿಗೆ ಅಂತ ನೋಡಲು ಚಿಗವ್ವ ಅವತ್ತು ಮೊದಲ ಬಾರಿಗೆ ಭಾಷಣಕ್ಕೆ ಬಂದಿದ್ದರು. ನನ್ನ ಪಕ್ಕ, ಹಿಂದಿನ ಸಾಲಿನಲ್ಲಿ ಕೂತರು.

ಕಥೆಯೂ ಅಂಥದೇ. ಅಮೆರಿಕದ ಸೈನ್ಯದ ಆ ಪೈಲಟ್ಟು ಹಾರಾಟಕ್ಕೆ ಇನ್ನೇನು ಎರಡು ದಿನ ಇರುವಾಗ ಕುದುರೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದ. ಮೇಲಿನವರಿಗೆ ತಿಳಿದರೆ ಬೇರೆಯವನನ್ನು ಕಳಿಸುತ್ತಾರೆ ಅಂತ ಬಾಯಿ ಬಿಡಲಿಲ್ಲ. ಹೆಂಡತಿಗೆ ಗೊತ್ತಿತ್ತು, ಒಬ್ಬ ಗೆಳೆಯನಿಗೆ ಗೊತ್ತಿತ್ತು. ವಿಮಾನದ ಬಾಗಿಲು ಹಾಕಿಕೊಳ್ಳಲು ಕೈ ಏಳುತ್ತಿರಲಿಲ್ಲ. ಆ ಗೆಳೆಯ ಕಸಬರಿಗೆಯ ಕೋಲನ್ನು ಕತ್ತರಿಸಿ ಕೊಟ್ಟ, ಅದರಿಂದ ಮೀಟಿ ಬಾಗಿಲು ಹಾಕಿಕೊಂಡ. ಹಾಗೆ ಹೋಗಿ ಶಬ್ದವನ್ನು ಹಿಂದೆ ಹಾಕಿದ. ಶೆಡ್ಡಿನಲ್ಲಿದ್ದವರು ಮಶೀನಿನ ನಡುವೆ ಬದುಕುವವರು, ಕಟ್ಟಿಗೆ ತುಂಡು ಎಂಥಾ ಹೊತ್ತಿಗೆ ಒದಗುತ್ತದೆ ಅಂತ ಬಲ್ಲವರು. ಕೆಲವರು ತಲೆಯ ಮೇಲೆ ಕೈಯಿಟ್ಟುಕೊಂಡರು. ಆತ ವಿಮಾನಕ್ಕೆ ಹೆಂಡತಿಯ ಹೆಸರನ್ನೇ ಬರೆಸಿದ್ದ ಅಂತ ಹೇಳಿ ಕಾಕಾ ಭಾಷಣ ಮುಗಿಸಿದರು.

ಚಪ್ಪಾಳೆ ನಿಂತ ಮೇಲೆ ಚಿಗವ್ವ ಎಲ್ಲರಿಗೂ ಕೇಳುವ ಹಾಗೆ ನನಗೆ ಹೇಳಿದರು: “ಅವಾ ಸಾಹೇಬ್ರಿಗೆ ಹೇಳಲಿಲ್ಲ, ಹೆಂಡ್ತಿಗೆ ಹೇಳಿದ. ನಮ್ಮ ಮನ್ಯಾಗ ಊರಿಗೆಲ್ಲಾ ಗೊತ್ತಿರತೈತಿ, ನನಗ ಗೊತ್ತಾಗೋದು ಫ್ಲೆಕ್ಸ್ ಕಟ್ಟಾಕ ನನ್ನ ಬಟ್ಟಿ ಒಣಗಿಸೋ ಹಗ್ಗ ಬಿಚ್ಚೋ ಮುಂದ. ಇನ್ನ ಹೆಸರಿನ ಮಾತಂತೂ ಬ್ಯಾಡ.”

ಮರುದಿನ ಬೆಳಿಗ್ಗೆ ಕಾಕಾ ಅಂಗಡಿಗೆ ಬಂದರು. ಸ್ಕೂಟರಿಗೆ ಹೆಂಡತಿ ಹೆಸರಿನ ಸ್ಟಿಕ್ಕರ್ ಬೇಕಂತೆ. ಮುಂದೆ ಅಂಟಿಸುವುದೋ ಹಿಂದೆ ಅಂಟಿಸುವುದೋ ಅಂತ ಕೇಳಿದೆ.

“ಸ್ಪೀಡು ತೋರಿಸೋ ಮುಳ್ಳಿನ ಮ್ಯಾಲ ಅಂಟಿಸು,” ಅಂದರು. “ಎಷ್ಟು ಜೋರು ಹೋಗಬೇಕಂತ ಹೆಂಗೂ ಆಕಿನಾ ಹೇಳೋದು.”

ವರ್ಧಂತಿ

ಡಿಸೆಂಬರ್ ಬಂತು. ಕಾಕಾ ಅಂಗಡಿಗೆ ಬಂದು ಕೂತಾಗ ಮಾತೇ ಕಡಿಮೆ. ಇದೇ ಕೊನೆಯದು ಇರಬಹುದು, ಚೆನ್ನಾಗಿ ಮಾಡು ಅಂದರು. ಮೊದಲ ವಿಮಾನ ಹಾರಿಸಿದ ಅಣ್ಣತಮ್ಮಂದಿರ ಕಪ್ಪುಬಿಳುಪು ಫೋಟೋ ತಂದಿದ್ದರು. ಇಬ್ಬರೂ ಕೋಟು ತೊಟ್ಟು, ನಗದೆ, ನೆಟ್ಟಗೆ ನೋಡುತ್ತಿದ್ದರು. ಫೋಟೋ ಬರಿದಾಗಿ ಕಾಣುತ್ತದೆ ಅಂತ ಸುತ್ತ ಮಲ್ಲಿಗೆ ಹೂವಿನ ಅಂಚು ಇಟ್ಟೆ. ಕಾರ್ಯಕ್ರಮ ದೀಪ ಹಚ್ಚಿ ಶುರುವಾಗುವುದರಿಂದ ಕೆಳಗೊಂದು ದೀಪ ಇಟ್ಟೆ.

ಶೀರ್ಷಿಕೆಗೇ ತಕರಾರು. ‘ವಾರ್ಷಿಕೋತ್ಸವ’ ಅಂದರೆ ಸಾಲಿ ಗ್ಯಾದರಿಂಗ್, ಶಾಲೆ ಮಕ್ಕಳ ಹಾಡು ಕುಣಿತ, ಅಂದುಕೊಳ್ಳುತ್ತಾರೆ ಅಂದರು. ‘ಜಯಂತಿ’ ಅನ್ನಲು ಹುಟ್ಟಿದ್ದು ಮನುಷ್ಯನಲ್ಲ. ನಾನು ಮೈಸೂರು ಕಡೆಯಿಂದ ಬಳ್ಳಾರಿಗೆ ಸೊಸೆಯಾಗಿ ಬಂದವಳು. ನಮ್ಮಲ್ಲಿ ಚಾಮುಂಡಿ ತಾಯಿಗೂ ವರ್ಧಂತಿ, ಮಹಾರಾಜರಿಗೂ ವರ್ಧಂತಿ. ವರ್ಧಂತಿ ಅಂದರೆ ಹುಟ್ಟಿದ ದಿನ, ವೃದ್ಧಿಯಾಗಲಿ ಅನ್ನುವ ಹಾರೈಕೆ. ‘ಮೊದಲ ವಿಮಾನದ ವರ್ಧಂತಿ’ ಅಂತ ಟೈಪು ಮಾಡಿ ತೋರಿಸಿದೆ. ಮಠದ ಸ್ವಾಮಿಗಳ ಫ್ಲೆಕ್ಸಿನಲ್ಲೂ ಇದೇ ಶಬ್ದ ನೋಡಿದ್ದೇನೆ, ತೂಕವಾಗಿದೆ ಅಂತ ಕಾಕಾ ಒಪ್ಪಿದರು. ಕೆಳಗೆ ‘ಸರ್ವರೂ ಬಂದು ಸಹಕರಿಸಬೇಕಾಗಿ ವಿನಂತಿ’ ಅಂತ ಹಾಕಿದೆ.

ಪೇಟೆಯಲ್ಲಿ ಫ್ಲೆಕ್ಸ್ ಏರಿತು. ಚಿಗವ್ವ ಮನೆ ಬಾಗಿಲಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದರು. ಛಲೋ ಐತಿ ಅಂದರು, ಚೀಲ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋದರು.

ಕಾರ್ಯಕ್ರಮದ ಸಂಜೆ ಭವನಕ್ಕೆ ಹೋದ ನನಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಕುಡತಿನಿಯವರು ಬಂದಿದ್ದರು, ಸಿರುಗುಪ್ಪದ ಆ ಪೈಪಿನ ರೈತ ಬಂದಿದ್ದ, ಕುರುಗೋಡಿನಿಂದ ಅಜ್ಜಿ ತನ್ನ ಕಟ್ಟೆಯನ್ನೇ ಎತ್ತಿಕೊಂಡು ಬಂದಿದ್ದರು. ಊರಿನ ಕಾರ್ಖಾನೆಗಳಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಕೆಲಸ ಮುಗಿಸಿ ನೇರ ಬಂದಿದ್ದರು. ಗಂಡಸರು ಬಿಳಿ ಅಂಗಿ, ಹೆಂಗಸರು ತಲೆ ಮೇಲೆ ಸೆರಗು. ಒಬ್ಬೊಬ್ಬರೇ ಫೋಟೋ ಮುಂದೆ ಹೋಗಿ ಹಾರ ಹಾಕಿ, ಅಗರಬತ್ತಿ ಹಚ್ಚಿ, ಕೈಮುಗಿದು, ಕಾಕಾನ ಭುಜ ಮುಟ್ಟಿ, ಮಾತಿಲ್ಲದೆ ಹೋಗಿ ಕೂರುತ್ತಿದ್ದರು. ವಿಜ್ಞಾನದ ಮೇಲೆ ಬಳ್ಳಾರಿಗೆ ಇಷ್ಟು ಭಕ್ತಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಕಾಕಾನ ಕಣ್ಣು ಆಗಲೇ ಒದ್ದೆಯಾಗಿತ್ತು. ಅದನ್ನು ನೋಡಿ ಮುಂದಿನ ಸಾಲಿನವರೂ ಕಣ್ಣೊರೆಸಿಕೊಂಡರು.

ಕಾಕಾ ಅವತ್ತಿನಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಇಬ್ಬರು. ಮದುವೆ ಮಾಡಿಕೊಳ್ಳಲಿಲ್ಲ. ರೆಕ್ಕೆಯ ಬಟ್ಟೆಯನ್ನು ಹೊಲಿಗೆ ಮಶೀನಿನಲ್ಲಿ ತಾವೇ ಹೊಲಿದರು. ಯಾರು ಮೊದಲು ಹಾರಬೇಕು ಅಂತ ನಾಣ್ಯ ಚಿಮ್ಮಿದರು. ಗೆದ್ದ ಅಣ್ಣ ಹಾರಲು ಹೋಗಿ ಮರಳಿಗೆ ಬಿದ್ದ. ರಿಪೇರಿಯಾದ ಮೇಲೆ ತಮ್ಮನ ಸರದಿ. ಸಮುದ್ರದ ಗಾಳಿ, ಕೊರೆಯುವ ಚಳಿ. ಫೋಟೋ ತೆಗೆಯಲು ನಿಲ್ಲಿಸಿದವನು ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವನಲ್ಲ. ಅವನೂ ಸರಿಯಾದ ಹೊತ್ತಿಗೆ ಒತ್ತಿದ. ವಿಮಾನ ನೆಲ ಬಿಟ್ಟಿತು.

“ಹನ್ನೆರಡು ಸೆಕೆಂಡು,” ಅಂದರು ಕಾಕಾ. ಹಾಗಂದು ಫೋಟೋದ ಕಡೆ ತಿರುಗಿದರು. 

ಆಗ ಕುರುಗೋಡಿನ ಅಜ್ಜಿ ಎದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: “ಹಾರಿದ್ದು ತಿಳೀತಪ್ಪಾ. ಕೂಸುಗಳು ಸತ್ತದ್ದು ಎಷ್ಟನೇ ಸೆಕೆಂಡಿಗೆ?”

ಅವತ್ತು ಯಾರೂ ಸಾಯಲಿಲ್ಲ ಅಂದರು ಕಾಕಾ. ಭವನದಲ್ಲಿ ಗುಸುಗುಸು ಎದ್ದಿತು. ಕುಡತಿನಿಯವರಲ್ಲೊಬ್ಬ ನಿಂತು, ಫ್ಲೆಕ್ಸಿನಲ್ಲಿ ವರ್ಧಂತಿ ಅಂತ ಇದೆಯಲ್ಲ ಅಂದ. ಆಗ ನನ್ನ ತಲೆಗೆ ಹೊಳೆಯಿತು. ಬಳ್ಳಾರಿಯವರು ಅಕ್ಷರವನ್ನು ಕನ್ನಡದಲ್ಲಿ ಓದಿದರೂ ಅರ್ಥವನ್ನು ಕೆಲವು ಸಲ ತೆಲುಗಿನಿಂದ ತರುತ್ತಾರೆ. ತೆಲುಗಿನಲ್ಲಿ ವರ್ಧಂತಿ ಅಂದರೆ ಸತ್ತ ದಿನ. ಕಪ್ಪುಬಿಳುಪು ಫೋಟೋ, ಹೂವಿನ ಅಂಚು, ದೀಪ, ಮೇಲೆ ವರ್ಧಂತಿ. ಏರ್‌ಫೋರ್ಸ್ ಕಾಕಾನ ಗೆಳೆಯರಿಬ್ಬರು, ಒಡಹುಟ್ಟಿದವರು, ಒಂದೇ ವಿಮಾನದಲ್ಲಿ ಹೋದರು ಅಂತ ಪೇಟೆಗೆ ಪೇಟೆಯೇ ಮರುಗಿ ಬಂದಿತ್ತು.

ಕಾಕಾ ಮೈಕು ಹಿಡಿದು ನಿಂತಲ್ಲೇ ನಿಂತರು. ಕುರ್ಚಿ ತುಂಬಿತ್ತು, ಆದರೆ ತುಂಬಿದ್ದು ತಮಗಾಗಿಯೂ ಅಲ್ಲ, ವಿಮಾನಕ್ಕಾಗಿಯೂ ಅಲ್ಲ. ಇನ್ನು ಎಲ್ಲ ಏಳುತ್ತಾರೆ, ಈ ಮನುಷ್ಯನ ವಿಮಾನ ಇಲ್ಲಿಗೆ ಇಳಿಯಿತು ಅಂದುಕೊಂಡು ನಾನು ನೆಲ ನೋಡಿದೆ. 

ಎದ್ದದ್ದು ಜೀನ್ಸ್ ಹೊಲಿಯುವ ಒಬ್ಬ ಹೆಂಗಸು ಮಾತ್ರ. “ಸತ್ತಿಲ್ಲಂದ್ರ ಇನ್ನೂ ಛಲೋ ಆತಲ್ರಿ,” ಅಂದಳು. “ಆ ರೆಕ್ಕಿ ನಾವು ಹೊಲಿಯೋ ಅಂಥಾ ಮಶೀನ್‌ನಾಗ ಹೊಲಿದಾರ ಅಂದ್ರಿ. ಆ ಬಟ್ಟಿ ಮುಂದ ಏನಾತು, ಅದನ್ನ ಹೇಳ್ರಿ.”

ಕಾಕಾ ಹೇಳಿದರು. ಅದೇ ದಿನ ಗಾಳಿಗೆ ವಿಮಾನ ಉರುಳಿ ಮುರಿದದ್ದು, ಕೆಲವೇ ವರ್ಷದಲ್ಲಿ ಅಲ್ಲಿನ ಸೈನ್ಯವೇ ಆ ಅಣ್ಣತಮ್ಮಂದಿರಿಂದ ವಿಮಾನ ಕೊಂಡದ್ದು. ಮುಂದೆ ಚಂದ್ರನ ಮೇಲೆ ಇಳಿದವರು ಆ ಮೊದಲ ರೆಕ್ಕೆಯ ಬಟ್ಟೆಯದೊಂದು ಚೂರನ್ನು ಜೊತೆಗೆ ಒಯ್ದದ್ದು. ಮೊನ್ನೆ ಮೊನ್ನೆ ಮಂಗಳ ಗ್ರಹದಲ್ಲಿ ಹಾರಿದ ಪುಟ್ಟ ಹೆಲಿಕಾಪ್ಟರಿಗೂ ಅದರದೇ ಒಂದು ತುಣುಕು ಕಟ್ಟಿದ್ದದ್ದು. ಹೊಲಿಗೆಯ ಹೆಂಗಸು ತನ್ನ ಬೆರಳುಗಳನ್ನು ನೋಡಿಕೊಂಡಳು.  ಕೊನೆಯವರೆಗೂ ಒಬ್ಬರೂ ಏಳಲಿಲ್ಲ. ಹೊರಗೆ ಬಂದವರು ಒಬ್ಬರಾದ ಮೇಲೊಬ್ಬರು ತಲೆಯೆತ್ತಿ ಆಕಾಶ ನೋಡಿದರು. ಮೆಟ್ಟಿಲ ಮೇಲೆ ನಿಂತು ಅದನ್ನು ಕಂಡ ಕಾಕಾನ ಮುಖ ನಾನು ಮರೆಯುವುದಿಲ್ಲ.

ಆಗಲೇ ಹಿಂದಿನ ಕೋಣೆಯಿಂದ ಮಂಡಾಳು ಒಗ್ಗರಣೆ, ಅಂದರೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಮಿರ್ಚಿ ಬಂದವು. ಬಂದವರಿಗೆಲ್ಲ ಸಾಕಾಗಿ ಮಿಕ್ಕುವಷ್ಟು. ಕಾಕಾ ಹೇಳಿದ್ದು ನಾಲ್ಕು ಕಪ್ಪು ಚಹಾ ಅಷ್ಟೇ.

ಮರುದಿನ ಚಿಗವ್ವ ಒಬ್ಬರೇ ಅಂಗಡಿಗೆ ಬಂದರು. ಅಷ್ಟು ಮಂದಿಗೆ ಒಗ್ಗರಣೆ ಹೇಗೆ ಮಾಡಿಟ್ಟಿದ್ದಿರಿ, ನಿಮಗೆ ಮೊದಲೇ ಗೊತ್ತಿತ್ತೇ ಅಂತ ಕೇಳಿದೆ.

“ಕುರುಗೋಡಿನಾಕಿ ನಾನು, ನನಗ ತೆಲುಗು ಬರಂಗಿಲ್ಲೇನು?” ಅಂದರು. “ಮನಿ ಮನಿಗೆ ಹೋಗಿ ಕರೆದು ಬಂದೆ, ಹೊರಗಿನ ಊರಿಗೆ ಫೋನ್ ಹಚ್ಚಿದೆ. ಸುಳ್ಳು ಒಂದೂ ಹೇಳಿಲ್ಲ. ಪಾಪ, ಇಬ್ರೂ ಮದುವಿ ಆಗಿರಲಿಲ್ಲ, ಈಗ ಇಬ್ರೂ ಇಲ್ಲ ಅಂದೆ. ಇದ್ರಾಗ ತಪ್ಪೇನೈತಿ?”

 ಅವರು ಕುರ್ಚಿ ಎಳೆದುಕೊಂಡು ಜುಲೈನ ಫ್ಲೆಕ್ಸಿಗೆ ಈಗಲೇ ಹೇಳಿದರು. ಮೂವರ ಫೋಟೋ ಹಾಕಬೇಕು, ಚಪ್ಪಲಿ ಕಾದವನದು ನಡುವೆ, ದೊಡ್ಡದಾಗಿ, ಕುರುಗೋಡಿನ ಅವ್ವನ ಅಪ್ಪಣೆಯಾಗಿದೆ. ಮೇಲೆ ‘ಚಂದ್ರನ ವರ್ಧಂತಿ’ ಅಂತ ಬರಬೇಕು.

ಹಾಗೆ ಹಾಕಿದರೆ ಈ ಸಲ ಜನ ಚಂದ್ರನೇ ತೀರಿಕೊಂಡ ಅಂದುಕೊಳ್ಳುತ್ತಾರೆ ಅಂದೆ.

ಚಿಗವ್ವ ಚೀಲ ಹೆಗಲಿಗೇರಿಸಿ ಎದ್ದರು.

“ಅಂದ್ಕೊಳ್ಳಿ ಬಿಡು,” ಅಂದರು. “ಹಂಗಾದ್ರ ಆಂಧ್ರದಿಂದಾನೂ ಬರ್ತಾರ.”